ನಡೆಯದ ಸಭೆಯ ನಡಾವಳಿ

ನನಗೆ ನೆನಪಿನ ಮೇಲೆ ನಂಬಿಕೆಯಿಲ್ಲ. ನನ್ನದರ ಮೇಲೆ ಮಾತ್ರವಲ್ಲ, ಯಾರದರ ಮೇಲೂ ಇಲ್ಲ. ಮೊದಲು ಇದಾಯಿತು, ಆಮೇಲೆ ಅದಾಯಿತು ಎಂದು ಹಿಂದಿನದನ್ನು ಮಡಿಕೆ ಬೀಳದಂತೆ ಹೇಳುವವರನ್ನು ಕಂಡರೆ ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಕಲಬುರಗಿಯಲ್ಲಿ ನಮ್ಮ ಮದುವೆಯ ದಿನ ತಾಳಿ ಕಟ್ಟುವ ಹೊತ್ತಿಗೆ ಕರೆಂಟು ಹೋಗಿತ್ತೆಂದು ನಾನು ಇಪ್ಪತ್ತಾರು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಹೋಗಿದ್ದು ಕರೆಂಟಲ್ಲ, ನಮ್ಮಪ್ಪನ ಕನ್ನಡಕ ಎನ್ನುತ್ತಾಳೆ ನನ್ನ ಹೆಂಡತಿ ಸುನಂದಾ. ಮಾವನವರು ಬದುಕಿರುವವರೆಗೂ, ತಾವು ಕನ್ನಡಕ ಹಾಕಲು ಶುರು ಮಾಡಿದ್ದೇ ಮಗಳ ಮದುವೆಯ ಮರುವರ್ಷ ಎನ್ನುತ್ತಿದ್ದರು. ಮೂವರೂ ಅಲ್ಲಿ ಎದುರಿಗೇ ಇದ್ದವರು. ಹೀಗಿರುವ ನನ್ನನ್ನು ನಮ್ಮ ಕಾಲನಿಯವರು ಆರಿಸಿ ಅಸೋಸಿಯೇಷನ್ನಿನ ಕಾರ್ಯದರ್ಶಿ ಮಾಡಿದರು. ಕಾರ್ಯದರ್ಶಿಯ ಮುಖ್ಯ ಕೆಲಸ ಸಭೆಯಲ್ಲಿ ನಡೆದದ್ದನ್ನು ನೆನಪಿಟ್ಟು ಬರೆಯುವುದು.

ಆರಿಸಿ ಎಂದದ್ದೂ ಪೂರ್ತಿ ಸರಿಯಲ್ಲ. ಆ ದಿನ ನಾನು ಸಭೆಗೆ ತಡವಾಗಿ ಹೋದೆ. ಒಳಗೆ ಕಾಲಿಟ್ಟಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಯಾರಿಗೋ ಸನ್ಮಾನ ಇರಬೇಕೆಂದು ನಾನೂ ತಟ್ಟಿದೆ. ಆಮೇಲೆ ಗೊತ್ತಾಯಿತು, ಅದು ನನಗೇ.

ತೆಲುಗು ನಾಡಿನ ಮಣಿಕೊಂಡದ ಒಂದು ಒಳರಸ್ತೆಯಲ್ಲಿರುವ ನಮ್ಮ ಕಾಲನಿಯಲ್ಲಿ ನಲವತ್ತೆಂಟು ಮನೆಗಳಿವೆ. ಇಲ್ಲಿ ತೆಲುಗಿನವರೇ ಹೆಚ್ಚು, ಹಿಂದಿಯವರು ಕೆಲವರು, ಕನ್ನಡದವರು ನಾವೊಂದೇ ಮನೆ. ಸಭೆ ಮುಗಿದ ಒಂದು ಗಂಟೆಯೊಳಗೆ ಅದರ ನಡಾವಳಿ ಇಂಗ್ಲಿಷಿನಲ್ಲಿ ಎಲ್ಲರ ಫೋನಿಗೂ ಬರಬೇಕೆಂಬುದು ನಮ್ಮ ಅಧ್ಯಕ್ಷ ಮಾಧವ ರಾವ್ ಅವರ ಕಟ್ಟಪ್ಪಣೆ. ಮೊದಮೊದಲು ನಾನು ಸಭೆಯಲ್ಲೇ ಕೂತು ಬರೆದುಕೊಳ್ಳುತ್ತಿದ್ದೆ. ಒಬ್ಬರು ಲಿಫ್ಟಿನ ಬಗ್ಗೆ ಮಾತಾಡುವಾಗ ಇನ್ನೊಬ್ಬರು ನಾಯಿಯ ಬಗ್ಗೆ ಮಾತಾಡುತ್ತಾರೆ. ಮನೆಗೆ ಬಂದು ನೋಡಿದರೆ ನನ್ನ ಪುಸ್ತಕದಲ್ಲಿ ನಾಯಿಗೆ ಎಣ್ಣೆ ಬಿಡಿಸಬೇಕೆಂಬ ತೀರ್ಮಾನವಾಗಿರುತ್ತಿತ್ತು. ಎರಡು ಮೂರು ಸಲ ಹೀಗಾದ ಮೇಲೆ ಒಂದು ಉಪಾಯ ಹೊಳೆಯಿತು. ಸಭೆಯಲ್ಲಿ ಏನಾಗುತ್ತದೆಂದು ನನಗೆ ಮೊದಲೇ ಗೊತ್ತಿರುತ್ತದೆ. ಅಧ್ಯಕ್ಷರು ಮೊದಲೇ ನಿರ್ಧರಿಸಿರುತ್ತಾರೆ, ಉಳಿದವರು ವಿವರವಾಗಿ ಚರ್ಚಿಸುತ್ತಾರೆ, ಕೊನೆಗೆ ಅದೇ ಸರ್ವಾನುಮತದಿಂದ ಪಾಸಾಗುತ್ತದೆ. ಹಾಗಿದ್ದ ಮೇಲೆ ಹಿಂದಿನ ದಿನವೇ ಬರೆದಿಟ್ಟರಾಯಿತಲ್ಲ. ತಾರೀಖಿನ ಜಾಗ ಮಾತ್ರ ಖಾಲಿ ಬಿಟ್ಟು, ಸಭೆ ಮುಗಿದ ಮೇಲೆ ತುಂಬಿ ಕಳಿಸುತ್ತಿದ್ದೆ. ನಾಲ್ಕು ವರ್ಷ ಹೀಗೇ ನಡೆಯಿತು. ಒಬ್ಬರೂ ಒಂದು ತಪ್ಪು ಹುಡುಕಲಿಲ್ಲ. ಎಲ್ಲರೂ ಅದರಲ್ಲಿ ಹುಡುಕುತ್ತಿದ್ದುದು ತಮ್ಮ ತಮ್ಮ ಹೆಸರನ್ನು.

ಈ ಸಲದ ವಸಂತದ ಸಭೆಗೆ ವಿಷಯಗಳು ಮೂರೇ. ನಮ್ಮ ಕಾಲನಿಗೆ ವಸಂತ ಬಂದದ್ದು ಕೋಗಿಲೆಯಿಂದ ತಿಳಿಯುವುದಿಲ್ಲ. ಹೋಳಿಯ ಬಣ್ಣ ಲಿಫ್ಟಿನ ಗೋಡೆಗೆ ಹತ್ತಿ, ಅದು ಯಾರ ಮನೆಯ ಕೈ ಎಂಬ ಜಗಳ ಕಾಲನಿಯ ಫೋನ್ ಗುಂಪಿನಲ್ಲಿ ಶುರುವಾದರೆ ಚೈತ್ರ ಹತ್ತಿರ ಬಂತೆಂದು ಅರ್ಥ. ಮೊದಲನೆಯ ವಿಷಯ ಯುಗಾದಿಯ ಬೆಳಿಗ್ಗೆ ಎಲ್ಲರಿಗೂ ಕಲೆಸುವ ಪಚ್ಚಡಿ. ನಮ್ಮ ಬೇವು ಬೆಲ್ಲದ ಹಾಗೆ ಎರಡಕ್ಕೇ ಮುಗಿಯುವ ವ್ಯವಹಾರ ಅಲ್ಲ ಅದು. ಹುಣಸೆ, ಮಾವಿನಕಾಯಿ, ಖಾರ ಎಲ್ಲ ಬೀಳುತ್ತದೆ. ಅದರಲ್ಲಿ ಬಾಳೆಹಣ್ಣು ಹಾಕಬೇಕೋ ಬೇಡವೋ ಎಂಬುದರ ಮೇಲೆ ಎ ಬ್ಲಾಕಿನವರೂ ಸಿ ಬ್ಲಾಕಿನವರೂ ಕಳೆದ ವರ್ಷ ಮಾತು ಬಿಟ್ಟಿದ್ದರು. ಎರಡನೆಯದು ಬೇಸಿಗೆಯ ನೀರಿನ ಟ್ಯಾಂಕರಿನ ಸರದಿ. ಮೂರನೆಯದು ಗೇಟಿನ ಪಕ್ಕದ ಬೇವಿನ ಮರದ ಕೆಳಗೆ ಅಧ್ಯಕ್ಷರು ಮಾಡಬೇಕೆಂದಿದ್ದ ವಸಂತವನ. ವನ ಎಂದರೆ ಹಸಿರು ಪ್ಲಾಸ್ಟಿಕ್ ಹುಲ್ಲಿನ ಚಾಪೆ, ಅದರ ಮೇಲೆ ಗರಿ ಬಿಚ್ಚಿದ ಫೈಬರ್ ನವಿಲು, ನವಿಲಿನ ಬೆನ್ನ ಮೇಲೆ ಇಬ್ಬರು ಕೂತು ಫೋಟೋ ತೆಗೆಸಿಕೊಳ್ಳುವಷ್ಟು ಜಾಗ. ಯುಗಾದಿಯ ದಿನ ಅದರ ಉದ್ಘಾಟನೆ.

ಆದರೆ ಆ ಮರದ ಕೆಳಗೆ ಮಲ್ಲಮ್ಮನ ಇಸ್ತ್ರಿ ಬಂಡಿ ಇತ್ತು.

ಮಲ್ಲಮ್ಮ ಯಾದಗಿರಿ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಕೆಲಸ ಇದ್ದಲ್ಲಿಗೆ ಹೋಗಿ ತಿಂಗಳುಗಟ್ಟಲೆ ಅಲ್ಲೇ ಇರುತ್ತಾನೆ. ಹನ್ನೊಂದು ವರ್ಷದಿಂದ ಅವಳು ಆ ಮರದ ನೆರಳಿನಲ್ಲಿ ಇದ್ದಿಲು ಪೆಟ್ಟಿಗೆ ಹಿಡಿದು ನಿಂತಿದ್ದಾಳೆ. ಮನೆಯ ಹೊರಗೆ ನನ್ನನ್ನು ಕನ್ನಡದಲ್ಲಿ ಬೈಯುವ ಒಬ್ಬಳೇ ವ್ಯಕ್ತಿ ಅವಳು. ಬೇವು ಹೂ ಬಿಡುವ ಕಾಲಕ್ಕೆ ನಸುಕಿನಲ್ಲಿ ಎದ್ದು ತೊಳೆದ ಚಾದರವೊಂದನ್ನು ಮರದ ಕೆಳಗೆ ಹಾಸುತ್ತಾಳೆ. ಬಿದ್ದ ಹೂವನ್ನು ಆರಿಸಿ, ಯುಗಾದಿಯ ಹಿಂದಿನ ದಿನ ಎಲ್ಲರ ಇಸ್ತ್ರಿ ಗಂಟಿನ ಮೇಲೆ ಒಂದೊಂದು ಕಾಗದದ ಪೊಟ್ಟಣ ಇಟ್ಟು ಕಳಿಸುತ್ತಾಳೆ. ಯಾರೂ ಹೇಳಿದ್ದಲ್ಲ. ನಡಾವಳಿಯಲ್ಲಿ ನಾನು ನಾಲ್ಕು ವರ್ಷದಿಂದ ಬರೆಯುತ್ತಿದ್ದುದು, ‘ಬೇವಿನ ಹೂವಿನ ವ್ಯವಸ್ಥೆ ಮಾಡಲಾಯಿತು’ ಎಂದು.

ಶುಕ್ರವಾರ ನನ್ನ ಅಂಗಿ ಕೊಡಲು ಹೋದೆ. ತೆಳು ನೀಲಿಯ, ಪೂರ್ಣ ತೋಳಿನ ಆ ಅಂಗಿಯನ್ನು ನಾನು ಸಭೆಗಲ್ಲದೆ ಬೇರೆಲ್ಲಿಗೂ ಹಾಕುವುದಿಲ್ಲ. ಅದನ್ನು ಹಾಕಿದರೆ ನಾನು ಮಾತಾಡುವವನ ಹಾಗೆ ಕಾಣುತ್ತೇನೆಂದು ಸುನಂದಾಳ ಅಭಿಪ್ರಾಯ. ಕಾಣುತ್ತೇನೆ, ಅಷ್ಟೇ.

“ಐತವಾರ ಮೀಟಿಂಗ್ ಐತೇನ್ರಿ?” ಅಂಗಿಯ ಬಣ್ಣ ನೋಡಿಯೇ ಮಲ್ಲಮ್ಮ ಕೇಳಿದಳು.

“ಐತಿ.”

“ನನ್ನ ಬಂಡಿ ಸುದ್ದಿನೂ ಐತಂತ.”

“ಐತಿ ಮಲ್ಲಮ್ಮ.”

“ನವಿಲಿಗೆ ನೆಳ್ಳು ಬೇಕಂತ, ಹೌದೇನ್ರಿ? ಪಿಲಾಸ್ಟಿಕ್ ನವಿಲಿಗೆ?”

ನಾನು ಮರದ ಕಡೆ ನೋಡಿದೆ. ಹಳೆಯ ಎಲೆ ಉದುರಿ ತಾಮ್ರದ ಬಣ್ಣದ ಚಿಗುರು ಬಂದಿತ್ತು.

“ರೋಡಿನ ಆ ಕಡಿ ನಿಲ್ಲು ಅಂತಾರ. ಬಿಸಲಾಗ ಬೆಂಕಿ ಪೆಟಗಿ ಹಿಡಕೊಂಡು ನಾ ಎಷ್ಟು ದಿನ ನಿಂದ್ರಲಿ? ನೀವು ಸೆಕ್ರೆಟ್ರಿ ಅದೀರಿ ಅಣ್ಣಾರ. ಒಂದು ಮಾತು ಹೇಳ್ರಿ. ಹೇಳ್ತೀರಿಲ್ಲೋ?”

“ಹೇಳ್ತೀನಿ.”

“ಹೋದ ವರ್ಷ ನಳದ ನೀರಿನ ಸುದ್ದಿನೂ ಹೇಳ್ತೀನಂದಿದ್ರಿ,” ಎಂದು ಅವಳು ಅಂಗಿಯ ಮೇಲೆ ನೀರು ಚಿಮುಕಿಸಿದಳು. ಸ್ವಲ್ಪ ನೀರು ನನ್ನ ಮೇಲೂ ಬಿತ್ತು. ಬೇಕೆಂದೇ ಚಿಮುಕಿಸಿದಳೆಂದು ನನ್ನ ನೆನಪು. ಆದರೆ ನನ್ನ ನೆನಪಿನ ವಿಷಯ ಆಗಲೇ ಹೇಳಿದ್ದೇನೆ.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ ನಡಾವಳಿ ಬರೆಯಲು ಕೂತೆ. ಮೊದಲೆರಡು ವಿಷಯ ಹತ್ತು ನಿಮಿಷದಲ್ಲಿ ಮುಗಿದವು. ಮೂರನೆಯದಕ್ಕೆ, ‘ವಿವರವಾದ ಚರ್ಚೆಯ ನಂತರ ಇಸ್ತ್ರಿ ಬಂಡಿಯನ್ನು ತೆರವುಗೊಳಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದು ಬರೆದೆ. ನಡೆಯಲಿರುವುದು ಅದೇ. ನಾನು ಬಾಯಿ ಬಿಡುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಆ ವಾಕ್ಯವನ್ನು ಇನ್ನೊಮ್ಮೆ ಓದಿದೆ. ಅಳಿಸಿದೆ. ಬರೀ ನನ್ನ ಸಮಾಧಾನಕ್ಕೆಂದು, ಆಮೇಲೆ ತೆಗೆದುಹಾಕಿದರಾಯಿತೆಂದು ಬೇರೆ ಬರೆದೆ. ಅದರಲ್ಲಿ ಕಾರ್ಯದರ್ಶಿ ಎದ್ದು ನಿಂತರು. ಪ್ರತಿ ಯುಗಾದಿಗೆ ನಾವು ತಿನ್ನುವ ಬೇವಿನ ಹೂವು ಯಾರ ಚಾದರದ ಮೇಲೆ ಬಿದ್ದದ್ದೆಂದು ಸಭೆಯನ್ನು ಕೇಳಿದರು. ಈ ಕಾಲನಿಯ ಬಹುಪಾಲು ಮನೆಯವರು ಇಲ್ಲಿಗೆ ಬರುವ ಮೊದಲೇ ಆ ಹೆಣ್ಣುಮಗಳು ಆ ಮರದ ಕೆಳಗೆ ನಿಂತಿದ್ದಳೆಂದು ನೆನಪಿಸಿದರು. ಸದಸ್ಯರು ಭಾವುಕರಾದರು. ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿ ವಸಂತವನವನ್ನು ಜನರೇಟರಿನ ಪಕ್ಕದ ಖಾಲಿ ಜಾಗಕ್ಕೆ ಸ್ಥಳಾಂತರಿಸಿದರು. ಬಂಡಿ ಅಲ್ಲೇ ಉಳಿಯತಕ್ಕದ್ದು. ಓದಿಕೊಂಡೆ. ಆ ಕಾರ್ಯದರ್ಶಿಯ ಮೇಲೆ ನನಗೆ ತುಂಬ ಗೌರವ ಬಂತು.

ಅಷ್ಟರಲ್ಲಿ ಸುನಂದಾ, ಯುಗಾದಿಯ ಆಮಂತ್ರಣ ಇನ್ನೂ ಗುಂಪಿಗೆ ಹೋಗಿಲ್ಲವೆಂದು ಅಡುಗೆಮನೆಯಿಂದಲೇ ನೆನಪಿಸಿದಳು. ಫೋನಿನಲ್ಲಿ ಆಮಂತ್ರಣವೂ ನಡಾವಳಿಯೂ ಒಂದರ ಕೆಳಗೊಂದು ಇದ್ದವು. ನಿದ್ದೆ ತೂಗುತ್ತಿತ್ತು. ಒತ್ತಿದೆ, ಮಲಗಿದೆ.

ಐದು ಗಂಟೆಗೆ ಎದ್ದು ನೋಡಿದರೆ ಫೋನಿನಲ್ಲಿ ಅರವತ್ತೇಳು ಸಂದೇಶ. ಮೊದಲನೆಯದನ್ನು ಓದಿದಾಗಲೇ ಗೊತ್ತಾಯಿತು. ಕಳಿಸಿದ್ದು ಆಮಂತ್ರಣವಲ್ಲ. ಅಳಿಸೋಣವೆಂದರೆ ಅಷ್ಟರಲ್ಲಿ ನಲವತ್ತು ಜನ ಓದಿಬಿಟ್ಟಿದ್ದರು. ಸಭೆ ನಾಳೆಯಲ್ಲವೇ ಎಂಬ ಪ್ರಶ್ನೆ ಬಂದಿರುತ್ತದೆಂದು ಹೆದರುತ್ತ ಸಂದೇಶಗಳನ್ನು ಕೆಳಗೆ ಸರಿಸುತ್ತ ಹೋದೆ. ಬಂದಿರಲಿಲ್ಲ. ಸಭೆಯನ್ನು ಒಂದು ದಿನ ಮೊದಲೇ ಮುಗಿಸಿದ್ದಾರೆ, ತಮ್ಮ ಗಮನಕ್ಕೆ ಬಂದಿಲ್ಲ ಎಂದುಕೊಂಡರೋ ಏನೋ. ತಾವು ಬಂದಿರಲಿಲ್ಲವೆಂದು ಒಪ್ಪಿಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ‘ಕೆಲಸವಿದ್ದ ಕಾರಣ ನಡುವೆ ಎದ್ದು ಹೋಗಬೇಕಾಯಿತು, ಕ್ಷಮಿಸಿ’ ಎಂದು ಬರೆದಿದ್ದರು ಒಬ್ಬರು. ಮಾದಾಪುರದ ಆಫೀಸಿಗೆ ಹೋಗುವ ಇನ್ನೊಬ್ಬರು, ಮಲ್ಲಮ್ಮನ ಪರವಾಗಿ ತಾವೂ ಮಾತಾಡಿದ್ದು ನಡಾವಳಿಯಲ್ಲಿ ಬಿಟ್ಟುಹೋಗಿದೆ, ದಯವಿಟ್ಟು ಸೇರಿಸಿ ಎಂದಿದ್ದರು. ಕಾರ್ಯದರ್ಶಿಗಳ ಮಾತು ಕೇಳಿ ಕಣ್ಣು ತುಂಬಿ ಬಂತೆಂದು ಬರೆದವರು ಸೋಮವಾರದಿಂದ ವಿಜಯವಾಡದಲ್ಲಿದ್ದರು. ಬಾಳೆಹಣ್ಣಿನ ವಿಷಯದಲ್ಲಿ ತಮ್ಮ ವಿರೋಧವನ್ನು ಸಾಕಷ್ಟು ಬಲವಾಗಿ ದಾಖಲಿಸಿಲ್ಲವೆಂದು ಸಿ ಬ್ಲಾಕಿನವರ ತಕರಾರು. ಎಲ್ಲಕ್ಕಿಂತ ಹೆಚ್ಚಾಗಿ ಅಧ್ಯಕ್ಷರಿಗೆ ಕೈಮುಗಿದ ಚಿತ್ರಗಳು. ದೊಡ್ಡ ಮನಸ್ಸು, ದೊಡ್ಡ ಮನಸ್ಸು ಎಂದು ಮೂರು ಭಾಷೆಯಲ್ಲಿ.

ಆಗ ಅವರದೇ ಫೋನು ಬಂತು. ಅವರು ಮಾತಾಡಿದ್ದು ತೆಲುಗಿನಲ್ಲಿ. ಕನ್ನಡಕ್ಕೆ ತರುವಾಗ ಅವರ ಕೋಪ ಸ್ವಲ್ಪ ತಣ್ಣಗಾಗಿದ್ದರೆ ಅದು ನನ್ನ ಅನುಕೂಲಕ್ಕೆ.

“ಸೆಕ್ರೆಟರಿ ಗಾರು, ನಾನು ಅಧ್ಯಕ್ಷತೆ ವಹಿಸಿದ್ದೆನಂತೆ.”

“ಹೌದಂಡಿ. ಅದು ಏನಾಯ್ತೆಂದರೆ...”

“ಎಲ್ಲಿ ವಹಿಸಿದ್ದೆ? ಬೆಳಿಗ್ಗೆಯಿಂದ ನಾನು ಹಲ್ಲಿನ ಡಾಕ್ಟರ ಹತ್ತಿರ ಬಾಯಿ ತೆರೆದುಕೊಂಡು ಕೂತಿದ್ದೆ. ನನ್ನ ಬೆನ್ನ ಹಿಂದೆ ಸಭೆ ಮಾಡಿದಿರಾ?”

“ಮಾಡಿಲ್ಲ ಸಾರ್. ಯಾರೂ ಮಾಡಿಲ್ಲ.”

ನಾನು ಎಲ್ಲವನ್ನೂ ಒಪ್ಪಿಕೊಂಡೆ. ರಾಜೀನಾಮೆ ಕೊಡುತ್ತೇನೆಂದೆ. ಅವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

“ಕರೀಂನಗರದಿಂದ ನಮ್ಮ ಬೀಗರು ಫೋನ್ ಮಾಡಿದ್ದರು,” ಎಂದರು ಕೊನೆಗೆ. “ಅವರಿಗೆ ಯಾರು ಕಳಿಸಿದರೋ. ಹದಿನಾಲ್ಕು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಇದೇ ಮೊದಲು.” ಹಲ್ಲು ನೋವಿಗೆ ‘ಸ್’ ಎಂದರು. “ನಾಳೆ ನೋಡೋಣ. ಸಭೆ ಇರಲಿ. ನವಿಲಿಗೆ ಹೇಳಿಯಾಗಿದೆ.”

ನೋಡೋಣ ಎಂದರೆ ಯಾವ ಕಡೆಗೆ ಎಂದು ಕೇಳುವ ಮೊದಲೇ ಫೋನು ಕಟ್ಟಾಯಿತು. ಅದೇ ಹೊತ್ತಿಗೆ ಗುಂಪಿನಲ್ಲಿ ಅರವತ್ತೆಂಟನೆಯ ಸಂದೇಶ ಬಿತ್ತು. ಬಿ ಬ್ಲಾಕಿನ ವಿಜಯಲಕ್ಷ್ಮಿ ಮೇಡಂ ಅವರದು. ಮೂವತ್ತೈದು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ‘ನಾನು ಕಾಲನಿಯಲ್ಲೇ ಇದ್ದೆ. ಇಂಥ ಸಭೆ ನಡೆದದ್ದು ನನಗೆ ಗೊತ್ತಿಲ್ಲ. ನಾಳೆ ಹತ್ತು ಗಂಟೆಗೆ ಬಂದು ಮೂರನೆಯ ವಿಷಯದ ಬಗ್ಗೆ ಕೇಳುತ್ತೇನೆ.’

“ಖರೇ ಹೇಳಿಬಿಡ್ರಿ,” ಎಂದಳು ಸುನಂದಾ.

“ಖರೇ ಹೇಳಿದ್ರ ಸಭೆ ಮತ್ತ ಮೊದಲಿಂದ ಆಗ್ತದ. ಸಭೆ ಆದ್ರ ಬಂಡಿ ಹೋಗ್ತದ.”

“ಹಂಗಾದ್ರ ಸುಳ್ಳು ಹೇಳ್ರಿ.”

“ಸುಳ್ಳು ಹೇಳಾಕ ಬರಂಗಿಲ್ಲ.”

“ಹೌದು,” ಎಂದಳು ಅವಳು ಅವರೆಕಾಯಿ ಸುಲಿಯುತ್ತ, “ಬರೀಲಿಕ್ಕೆ ಅಷ್ಟ ಬರ್ತದ ನಿಮಗ.”

ಸಂಜೆ ಬೆಳಕಿರುವಾಗಲೇ ಅಂಗಿ ತರಲು ಕೆಳಗೆ ಹೋದೆ. ಮಲ್ಲಮ್ಮ ಅಷ್ಟರಲ್ಲಿ ಇದ್ದಿಲು ಆರಿಸಿ, ಬಂಡಿಗೆ ತಾಡಪತ್ರಿ ಹೊದಿಸಿ ಮನೆಗೆ ಹೋಗಿದ್ದಳು. ಮರದ ಬುಡದಲ್ಲಿ ಯಾರೋ ಸುಣ್ಣದ ಪುಡಿಯಿಂದ ನಾಲ್ಕು ಮೂಲೆ ಗುರುತು ಹಾಕಿದ್ದರು. ನವಿಲಿನ ಅಳತೆ.

ಭಾನುವಾರ ಹತ್ತಕ್ಕೆ ನೆಲಮಹಡಿಯ ಪಾರ್ಕಿಂಗಿನಲ್ಲಿ ಕುರ್ಚಿ ಸಾಲಲಿಲ್ಲ. ಸಾಮಾನ್ಯವಾಗಿ ಒಂಬತ್ತು ಜನ ಬರುವ ಸಭೆಗೆ ಮೂವತ್ತು ಮೀರಿ ಬಂದಿದ್ದರು. ಎರಡನೆಯ ಸಲವೂ ತಪ್ಪಿಸಿಕೊಂಡರೆಂಬ ಹೆಸರು ಯಾರಿಗೂ ಬೇಕಿರಲಿಲ್ಲ. ನಾನು ಮನೆಯಲ್ಲಿ ಹಾಕುವ ಮಾಸಿದ ಟೀ ಶರ್ಟಿನಲ್ಲೇ ಕೂತಿದ್ದೆ. ಅಂಗಿ ಬೇಕೆಂದು ಬೆಳಿಗ್ಗೆ ಬಂಡಿಯ ಹತ್ತಿರ ಹೋಗುವ ಧೈರ್ಯವಾಗಿರಲಿಲ್ಲ. ಗೇಟಿನ ಬಳಿ, ಹತ್ತು ಮಾರು ದೂರದಲ್ಲಿ, ಮಲ್ಲಮ್ಮ ನಮ್ಮ ಕಡೆ ಬೆನ್ನು ಮಾಡಿ ಯಾರದೋ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಪೆಟ್ಟಿಗೆ ಬಂಡಿಯ ಮೇಲೆ ಸರಿದಾಡುವ ಸದ್ದು ಕೇಳಿಸುತ್ತಿತ್ತು. ಹನ್ನೊಂದು ವರ್ಷದಲ್ಲಿ ಅವಳಿಗೆ ತೆಲುಗೂ ಹಿಂದಿಯೂ ನನಗಿಂತ ಚೆನ್ನಾಗಿ ಬಂದಿವೆ.

ವಿಜಯಲಕ್ಷ್ಮಿ ಮೇಡಂ ಎದ್ದು ನಿಂತರು. “ಒಂದೇ ಪ್ರಶ್ನೆ. ನಿನ್ನೆಯ ಸಭೆಯಲ್ಲಿ ಇದ್ದವರು ಕೈ ಎತ್ತಿ.”

ಯಾರೂ ಅಲ್ಲಾಡಲಿಲ್ಲ. ಆಮೇಲೆ ನಡುವೆ ಎದ್ದು ಹೋಗಿದ್ದೆನೆಂದು ಬರೆದವರ ಕೈ ನಿಧಾನವಾಗಿ ಮೇಲೆ ಹೋಯಿತು. ಅದನ್ನು ನೋಡಿ ಅವರ ಪಕ್ಕದವರದು. ಸಿ ಬ್ಲಾಕಿನ ಕೈಗಳು ಎದ್ದದ್ದು ಕಂಡು ಎ ಬ್ಲಾಕಿನವರೂ ಎತ್ತಿದರು. ವಿಜಯವಾಡದಿಂದ ಬೆಳಗಿನ ಬಸ್ಸಿಗೆ ಬಂದಿಳಿದವರು ಎರಡೂ ಕೈ ಎತ್ತಿ, ಒಂದನ್ನು ಇಳಿಸಿದರು. ಮೇಡಂ ಬೆರಳು ಮಾಡಿ ಎಣಿಸಿದರು. ಇಪ್ಪತ್ತೆರಡು. ಎಣಿಸುತ್ತ ಬಂದ ಬೆರಳು ನನ್ನ ಮುಂದೆ ನಿಂತಿತು.

“ಸೆಕ್ರೆಟರಿ ಗಾರು, ನೀವು ಇರಲಿಲ್ಲವೇ?”

ನನ್ನ ಒಂದು ಕೈಯಲ್ಲಿ ಪುಸ್ತಕವಿತ್ತು, ಇನ್ನೊಂದರಲ್ಲಿ ಪೆನ್ನು. ಎತ್ತದಿದ್ದುದಕ್ಕೆ ಅಷ್ಟೇ ಕಾರಣ. ಇದ್ದೆ ಎನ್ನುವುದೆಂದು ಬೆಳಿಗ್ಗೆ ಸ್ನಾನದ ಮನೆಯಲ್ಲಿ ಗಟ್ಟಿ ಮಾಡಿಕೊಂಡು ಬಂದಿದ್ದೆ. ಆದರೆ ಅವರ ದನಿ ನನ್ನ ಏಳನೆಯ ತರಗತಿಯ ಲೆಕ್ಕದ ಮಾಸ್ತರರ ದನಿಯ ಹಾಗೇ ಇತ್ತು, ಮತ್ತು ಆ ದನಿಗೆ ನಾನು ಇವತ್ತಿನವರೆಗೆ ಸುಳ್ಳು ಹೇಳಿ ದಕ್ಕಿಸಿಕೊಂಡದ್ದಿಲ್ಲ.

“ಇರಲಿಲ್ಲ ಮೇಡಂ,” ಎಂದೆ. “ಆ ಸಭೆ ನಡೆದೇ ಇಲ್ಲ.”

ಗೇಟಿನ ಕಡೆ ಇಸ್ತ್ರಿ ಪೆಟ್ಟಿಗೆಯ ಸದ್ದು ನಿಂತಿತು.

ಎಲ್ಲರೂ ಅಧ್ಯಕ್ಷರ ಕಡೆ ತಿರುಗಿದರು. ಅವರು ಗಲ್ಲದ ಮೇಲೆ ಕೈಯಿಟ್ಟುಕೊಂಡು, ನೋಯುವ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ನೋಡುತ್ತಿದ್ದರು. ಒಂದು ಪಕ್ಕಕ್ಕೆ ಸುಣ್ಣದ ನಾಲ್ಕು ಮೂಲೆಗಳು ಕಾಣುತ್ತಿದ್ದವು. ಇನ್ನೊಂದು ಪಕ್ಕದಲ್ಲಿ ಕಾಣದಿದ್ದರೂ ಕರೀಂನಗರದ ಬೀಗರಿದ್ದರು. ಅಧ್ಯಕ್ಷರು ಯಾವ ಪಕ್ಕಕ್ಕೆ ವಾಲಿದರೂ ಒಬ್ಬಳ ಹನ್ನೊಂದು ವರ್ಷ ಅದರ ಹಿಂದೆ ಹೋಗುತ್ತಿತ್ತು. ಅವರು ಬಾಯಿ ತೆರೆದರು.

ಆದರೆ ಮೊದಲು ಮಾತಾಡಿದ್ದು ಮಾದಾಪುರದ ಆಫೀಸಿನವರು. “ನಡೆದೇ ಇಲ್ಲ ಅಂದರೇನು? ನಾನೇ ಮಾತಾಡಿದ್ದೇನೆ. ಅಲ್ಲಿ, ಆ ಕಂಬದ ಹತ್ತಿರ ನಿಂತಿದ್ದೆ.”

“ನಾನು ಇವರ ಹಿಂದೆ ಕೂತಿದ್ದೆ,” ಎಂದರು ಇನ್ನೊಬ್ಬರು.

“ಬಾಳೆಹಣ್ಣು ಬೇಡ ಅಂತ ನಾವು ಅಷ್ಟೆಲ್ಲ ಕೂಗಾಡಿದ್ದು ಹಾಗಾದರೆ ಯಾರ ಹತ್ತಿರ?”

“ಫ್ಯಾನು ತಿರುಗುತ್ತಿರಲಿಲ್ಲ. ನನಗೆ ಸರಿಯಾಗಿ ನೆನಪಿದೆ,” ಎಂದರು ವಿಜಯವಾಡದವರು.

ಒಬ್ಬೊಬ್ಬರೂ ಹೇಳುತ್ತಿದ್ದ ಹಾಗೆ ಸಭೆ ನನ್ನ ಕಣ್ಣೆದುರೇ ಕಟ್ಟಿಕೊಳ್ಳುತ್ತ ಹೋಯಿತು. ಯಾರೋ ತಂದ ಚಹಾದಲ್ಲಿ ಸಕ್ಕರೆ ಹೆಚ್ಚಾಗಿತ್ತು. ನಾನು ಮಾತಾಡುವಾಗ ದನಿ ನಡುಗಿತ್ತು. ಇವರು ಸುಳ್ಳು ಹೇಳುತ್ತಿದ್ದಾರೆಂದು ನನಗೆ ಅನ್ನಿಸಲಿಲ್ಲ. ಇದೇ ನನ್ನನ್ನು ಹೆದರಿಸಿದ್ದು. ಅಷ್ಟು ಹೊತ್ತಿಗೆ ಆ ಚಹಾದ ಸಿಹಿ ನನ್ನ ನಾಲಿಗೆಗೂ ಹತ್ತಿತ್ತು.

ಅಧ್ಯಕ್ಷರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. “ನಮ್ಮ ಸೆಕ್ರೆಟರಿ ಗಾರಿಗೆ ಇತ್ತೀಚೆಗೆ ಕೆಲಸ ಜಾಸ್ತಿ. ಮರೆವು ಯಾರಿಗೂ ಬರಬಹುದು. ನಾನು ಅಧ್ಯಕ್ಷತೆ ವಹಿಸಿದ್ದೆ, ನನಗೆ ನೆನಪಿದೆ. ನವಿಲು ಜನರೇಟರಿನ ಪಕ್ಕಕ್ಕೆ. ಬಂಡಿ ಇದ್ದಲ್ಲೇ ಇರುತ್ತದೆ. ಮುಂದಿನ ವಿಷಯ.”

ಮೇಡಂ ಇನ್ನೂ ನಿಂತೇ ಇದ್ದರು. ನನ್ನನ್ನು ನೋಡಿದರು, ಎತ್ತಿದ್ದ ಕೈಗಳನ್ನು ನೋಡಿದರು, ಗೇಟಿನ ಕಡೆ ನೋಡಿದರು. “ಇಪ್ಪತ್ತೆರಡು ಜನಕ್ಕೆ ನೆನಪಿದೆ, ಒಬ್ಬರಿಗೆ ಇಲ್ಲ,” ಎಂದರು. “ನನಗೆ ಎಣಿಸಲು ಬರುತ್ತದೆ. ಇಪ್ಪತ್ತಮೂರು ಮಾಡಿ. ಹಾಜರಿಯಲ್ಲಿ ನನ್ನ ಹೆಸರೂ ಬರೆಯಿರಿ.” ಎಂದವರು ಕೂತುಬಿಟ್ಟರು. ಬಂಡಿಯ ಮೇಲೆ ಪೆಟ್ಟಿಗೆ ಮತ್ತೆ ಸರಿದಾಡತೊಡಗಿತು.

ಸಭೆ ಮುಗಿದ ಮೇಲೆ ನಾನು ಮರದ ಹತ್ತಿರ ಹೋದೆ. ಧನ್ಯವಾದ ಕೇಳಲು ಹೋದದ್ದೆಂದು ಒಪ್ಪಿಕೊಳ್ಳುತ್ತೇನೆ. ಮಲ್ಲಮ್ಮ ಬಂಡಿಯ ಕೆಳಗಿಂದ ನನ್ನ ನೀಲಿ ಅಂಗಿ ತೆಗೆದಳು. ಗೆರೆ ಮುರಿಯದ ಹಾಗೆ ಮಡಿಸಿ, ಮೇಲೆ ಕಾಗದ ಸುತ್ತಿಟ್ಟಿದ್ದಳು.

“ಮೀಟಿಂಗ್ ಆಗಿಲ್ಲಂತ ನನಗ ನಿನ್ನೇನ ಗೊತ್ತಿತ್ತು.”

“ಹೆಂಗ?”

“ಅಂಗಿ ನನ್ನ ಕಡೆ ಇತ್ತಲ್ರಿ. ಇದು ಇಲ್ಲದ ನೀವು ಎಂದರ ಮೀಟಿಂಗಿಗೆ ಹೋಗೀರೇನು?”

ನಾನು ನಗಲು ನೋಡಿದೆ. ಅವಳು ನಗಲಿಲ್ಲ. ಸಿಟ್ಟೂ ಇರಲಿಲ್ಲ. ಮುಂದಿನ ಬಟ್ಟೆ ಕೈಗೆತ್ತಿಕೊಂಡು, ಅದರ ಕಾಲರನ್ನು ಬಿಡಿಸುತ್ತ ಹೇಳಿದಳು: “ಅಷ್ಟು ಮಂದಿ ಆಗೇತಿ ಅಂದ್ರು, ಅಣ್ಣಾರ. ನಾನು ಯಾರಿಗೂ ಏನೂ ಕೇಳಿದ್ದಿಲ್ಲ, ಅವರು ಅಂದ್ರು. ನಿಮಗ ಕೇಳಿದ್ದೆ. ನೀವೊಬ್ರ ಆಗಿಲ್ಲ ಅಂದ್ರಿ.”

ಐದು ವರ್ಷದ ಕಾರ್ಯದರ್ಶಿ ಕೆಲಸದಲ್ಲಿ ನಾನು ಸಭೆಯಲ್ಲಿ ಬಾಯಿ ಬಿಟ್ಟದ್ದು ಆ ಒಂದೇ ಸಲ. ಆಡಿದ್ದು ಒಂದೇ ಮಾತು. ಅದು ಸತ್ಯ, ಮತ್ತು ಅದನ್ನು ಯಾರಾದರೂ ನಂಬಿದ್ದರೆ ಅವಳು ಇಷ್ಟು ಹೊತ್ತಿಗೆ ರಸ್ತೆಯ ಆಚೆ ಬಿಸಿಲಿನಲ್ಲಿರುತ್ತಿದ್ದಳು.

“ಮುಂದಿನ ಸಲ,” ಎಂದಳು ಮಲ್ಲಮ್ಮ ಪೆಟ್ಟಿಗೆಯ ಬಿಸಿ ನೋಡುತ್ತ, “ಮೊದಲ ಅಂಗಿ ಒಯ್ಯಿರಿ, ಆಮ್ಯಾಲ ಬರೀರಿ.”

ಭಾನುವಾರದ ನಡಾವಳಿಯನ್ನು ನಾನು ಸಭೆ ಮುಗಿದ ಮೇಲೆ ಬರೆಯಲು ಕೂತೆ. ಹೀಗೆ ಮಾಡಿ ನಾಲ್ಕು ವರ್ಷವಾಗಿತ್ತು. ಕೈಗೆ ರೂಢಿ ತಪ್ಪಿತ್ತು. ಈ ಸಲ ನಡೆದದ್ದನ್ನು ನಡೆದ ಹಾಗೆಯೇ ಬರೆಯುವುದೆಂದು ನಿಶ್ಚಯಿಸಿದ್ದೆ. ಮೂರನೆಯ ವಿಷಯದ ಕೆಳಗೆ ‘ಕಾರ್ಯದರ್ಶಿ ಮಾತಾಡಿದರು’ ಎಂದು ಬರೆದೆ. ಏನು ಮಾತಾಡಿದರೆಂದು ಬರೆಯಲು ಹೋಗಿ ನಿಲ್ಲಿಸಿದೆ. ಎದ್ದು ಕನ್ನಡಿಯ ಮುಂದೆ ನಿಂತು ನೀಲಿ ಅಂಗಿ ಹಾಕಿಕೊಂಡು ಬಂದೆ. ಈಗ ಆ ವಾಕ್ಯ ತೀರ ಚಿಕ್ಕದಾಗಿ ಕಂಡಿತು. ಅದಕ್ಕೆ ‘ಸುದೀರ್ಘವಾಗಿ’ ಎಂಬ ಪದ ಸೇರಿಸಿ, ತಾರೀಖು ತುಂಬಿ, ಕಳಿಸಿಬಿಟ್ಟೆ.